ಸಹಾಯ ಬೇಕು: ಕೊರಿಯನ್ ಕಲಿಯುತ್ತಿರುವ ಕನ್ನಡದ ಮಕ್ಕಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಭಾಷಾವಿಜ್ಞಾನದ ವಿದ್ಯಾರ್ಥಿನಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕೊರಿಯನ್ ಮಾತಾಡುವ ಮಕ್ಕಳು ಎರಡರ್ಥದ ವಾಕ್ಯಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ನೋಡುತ್ತಿದ್ದೇನೆ.

ಆಟ ಹೀಗಿದೆ. ಕರಡಿ ಗೊಂಬೆಯ ಮುಂದೆ 4 ಬಿಸ್ಕತ್ತು. ಅದು 3 ತಿಂದು 1 ಬಿಡುತ್ತದೆ. ಆಗ ಇನ್ನೊಂದು ಗೊಂಬೆ ಕೊರಿಯನ್‌ನಲ್ಲಿ, ‘ಕರಡಿ ಎಲ್ಲಾ ಬಿಸ್ಕತ್ತನ್ನೂ ತಿನ್ನಲಿಲ್ಲ’ ಅನ್ನುತ್ತದೆ. ಮಗು ‘ಸರಿ’ ಅಂದರೆ, ಸ್ವಲ್ಪ ಉಳಿಯಿತು ಅನ್ನುವ ಅರ್ಥ ಹಿಡಿದಿದೆ. ‘ತಪ್ಪು’ ಅಂದರೆ, ಒಂದನ್ನೂ ತಿನ್ನಲಿಲ್ಲ ಅನ್ನುವ ಅರ್ಥ.

ತೊಡಕು ಇರುವುದು ಇಲ್ಲೇ. 2007ರಲ್ಲಿ ಹಾನ್, ಲಿಡ್ಜ್, ಮುಸೊಲಿನೊ ಪ್ರಕಟಿಸಿದ ಅಧ್ಯಯನದಲ್ಲಿ ಕೊರಿಯನ್ ಮನೆಮಾತಿನ ದೊಡ್ಡವರೇ ಇಂಥ ವಾಕ್ಯಕ್ಕೆ ಎರಡು ಗುಂಪಾಗಿದ್ದರು. 4 ವರ್ಷದ ಮಕ್ಕಳೂ ಹಾಗೇ. ಹಾಗಿರುವಾಗ ನಮ್ಮ ಮಕ್ಕಳ ಉತ್ತರ ಕನ್ನಡದಿಂದ ಬಂತೋ, ಶಾಲೆಯಲ್ಲಿ ಕೇಳಿದ ಕೊರಿಯನ್‌ನಿಂದ ಬಂತೋ, ಹೇಗೆ ಹೇಳುವುದು? ಅದಕ್ಕೇ ಅದೇ ಮಗುವಿಗೆ ಬೇರೆ ದಿನ ಕನ್ನಡದಲ್ಲೂ ಈ ಆಟ ಆಡಿಸಬೇಕು ಅಂತಿದ್ದೇನೆ. ಕನ್ನಡದ ಪುಟ್ಟ ಮಕ್ಕಳ ಬಗ್ಗೆ ಲಿಡ್ಜ್, ಮುಸೊಲಿನೊ 2002ರಲ್ಲೇ ಇಂಥ ಕೆಲಸ ಪ್ರಕಟಿಸಿದ್ದಾರೆ. ನನಗೆ ಅದೇ ದೊಡ್ಡ ಧೈರ್ಯ.

ಸಿಯೋಲ್, ಸುವಾನ್ ಕಡೆ ಇರುವ ಕನ್ನಡದ ಮನೆಗಳಲ್ಲಿ 6ರಿಂದ 9 ವರ್ಷದ ಮಕ್ಕಳಿದ್ದರೆ ದಯವಿಟ್ಟು ತಿಳಿಸಿ. ಅಪ್ಪ ಅಮ್ಮ ಜೊತೆಗೇ ಕೂತಿರಬಹುದು, ಇದು ಪರೀಕ್ಷೆ ಅಲ್ಲ. ವಾಕ್ಯ ಓದಿ ರೆಕಾರ್ಡ್ ಮಾಡಿಕೊಡಲು ಕೊರಿಯನ್ ಮನೆಮಾತಿನವರೊಬ್ಬರು ಬೇಕು. ‘ಎಲ್ಲಾ’ ಅನ್ನುವಲ್ಲಿ ದನಿ ಜಾಸ್ತಿ ಏರಿದರೆ ಅರ್ಥ ಒಂದು ಕಡೆ ವಾಲಿಬಿಡಬಹುದು, ಅಲ್ವಾ?

ಮಕ್ಕಳಿಗೆ ಇಂಥ ಆಟ ಆಡಿಸಿದವರು ಯಾರಾದರೂ ಇದ್ದರೆ ಒಂದು ಪ್ರಶ್ನೆ: ಮಗು ಸುಮ್ನೆ ಎಲ್ಲದಕ್ಕೂ ‘ಸರಿ’ ಅಂದರೆ ನೀವು ಏನು ಮಾಡುತ್ತೀರಿ?