ಡೋರಿಸ್ ಡ್ಯೂಕ್ ಅಂತ ಹುಡುಕಿದ್ರೆ ತಂಬಾಕು ಸಾಹುಕಾರ್ತಿ ಬರ್ತಾಳೆ! ಅರವತ್ತರ ದಶಕದ ಸೋಲ್ ಗಾಯಕಿಯರ ಜಾಡು ಹಿಡಿಯೋದು ಹೇಗೆ?

ಡೊಂಬಿವಲಿ45

ಮಾಟುಂಗಾದಲ್ಲಿ ಕನ್ನಡ ಬಳಗದವರಿಗಾಗಿ ಒಂದು ಸಂಜೆ ಪ್ಲೇಟು ಕೇಳಿಸೋ ಕಾರ್ಯಕ್ರಮ ಇದೆ. ವಿಷಯ 1960ರ ದಶಕದ ಅಮೆರಿಕನ್ ಸೋಲ್ (ಆಫ್ರಿಕನ್ ಅಮೆರಿಕನ್ನರ ಒಂದು ಹಾಡಿನ ಶೈಲಿ) ಗಾಯಕಿಯರು. ಅರೀಥಾ, ಡಯಾನಾ ರಾಸ್ ಎಲ್ಲರಿಗೂ ಗೊತ್ತು, ಅವರು ಬೇಡ. ನಾಲ್ಕಾರು ಸಿಂಗಲ್ (ಬದಿಗೊಂದೇ ಹಾಡಿನ ಪುಟ್ಟ ಪ್ಲೇಟು) ಹಾಡಿ ಕಣ್ಮರೆಯಾದವರು ಬೇಕು, ಒಬ್ಬೊಬ್ಬರಿಗೆ ಅರ್ಧ ಪುಟದ ಟಿಪ್ಪಣಿ. ಮೂರು ಕಡೆ ಗಾಡಿ ನಿಂತಿದೆ:

ಸೋಲ್ ಗಾಯಕಿ ಡೋರಿಸ್ ಡ್ಯೂಕ್ ಹೆಸರು ಹಾಕಿದ್ರೆ ಬರೀ ಆ ಹೆಸರಿನ ಶ್ರೀಮಂತೆಯ ಬಂಗಲೆ, ವಜ್ರ. 1964ರ ಒಂದು ಸಿಂಗಲ್ ಬಿಲ್‌ಬೋರ್ಡ್ ಪತ್ರಿಕೆಯ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಅಂದ್ರೆ ಓಡಲೇ ಇಲ್ವಾ? ಮೂರನೇದು, ಚೋರ್ ಬಜಾರ್‌ನ ಎರಡು 45ಗಳು (ನಿಮಿಷಕ್ಕೆ 45 ಸುತ್ತು ತಿರುಗೋ ಸಿಂಗಲ್‌ಗಳು): ನಡುವಿನ ಕಾಗದದ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಗೀಚಿದ ಅಕ್ಷರ ಕಾಣ್ತಿವೆ, ಓದೋಕಾಗ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ? ದುಡ್ಡು ಕಟ್ಟದೆ ಆಗೋದು ಹೇಳಿ.

ಸೂಜಿಮೊನೆ, ಪುಣೆ

ಗಾಯಕಿಯ ಹೆಸರನ್ನ ಕೊನೆಗೆ ಹುಡುಕಿ. ಹೆಸರು ಮದುವೆಯಾದ್ರೆ ಬದಲಾಗುತ್ತೆ, ಕಂಪನಿ ಬದಲಾದ್ರೆ ಬದಲಾಗುತ್ತೆ, ನಿರ್ಮಾಪಕನ ಮೂಡ್ ಬದಲಾದ್ರೂ ಬದಲಾಗುತ್ತೆ. ಪ್ಲೇಟಿನ ಮೇಲಿನ ನಂಬರು ಬದಲಾಗಲ್ಲ.

ಮೊದಲು ಆ ಗೀಚು ಓದಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನ ಪ್ಲೇಟಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ, ಪ್ಲೇಟನ್ನ ನಿಧಾನಕ್ಕೆ ತಿರುಗಿಸ್ತಾ ಮೊಬೈಲ್‌ನಲ್ಲಿ ಹತ್ತಿರದಿಂದ ಏಳೆಂಟು ಫೋಟೋ ತೆಗೀರಿ. ಮೇಲಿಂದ ನೇರ ಬೆಳಕು ಬಿಟ್ರೆ ಏನೂ ಕಾಣಲ್ಲ. ತೊಳೆಯೋ ಮುಂಚೆ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ: ಹಗುರವಾಗಿ ಟಣ್ ಅಂದ್ರೆ ಅದು ವಿನೈಲ್ ಅಲ್ಲ, ಸ್ಟೈರೀನ್. ಅದರ ಲೇಬಲ್ ಅಂಟಿಸಿದ್ದು, ಮುಂಬೈ ಮಳೆಗಾಲದ ತೇವಕ್ಕೇ ಬಿಟ್ಕೊಳ್ಳುತ್ತೆ. ನೀರು ತಾಗಿಸಬೇಡಿ. ಲೇಬಲ್ ಹೋದ್ರೆ ಅರ್ಧ ಪುರಾವೆ ಹೋದ ಹಾಗೆ.

ಇನ್ನು ಓದಿದ್ದನ್ನ ಅರ್ಥ ಮಾಡ್ಕೊಳ್ಳೋದು. ಪುಟ್ಟ ತ್ರಿಕೋನದ ಪಕ್ಕ ಸಂಖ್ಯೆ ಇದ್ರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆ. ಅವರ ಸಂಖ್ಯೆಗಳು ಸಾಲಾಗಿ ಏರ್ತಾ ಹೋಗ್ತವೆ. ಹಾಗಾಗಿ ಹತ್ತಿರದ ಸಂಖ್ಯೆಯ, ದಿನಾಂಕ ಗೊತ್ತಿರೋ ಬೇರೆ ಪ್ಲೇಟು ಸಿಕ್ರೆ ನಿಮ್ಮದರ ತಿಂಗಳೂ ಸಿಗುತ್ತೆ. ಆರ್‌ಸಿಎ ಕಾರ್ಖಾನೆಯಲ್ಲಿ ಮಾಡಿಸಿದ್ದಾದ್ರೆ ಕೋಡಿನ ಮೊದಲ ಅಕ್ಷರವೇ ವರ್ಷ: ಪಿ 1963, ಆರ್ 1964, ಎಸ್ 1965, ಟಿ 1966, ಯು 1967, ಡಬ್ಲ್ಯೂ 1968. ನಡುವೆ ಕ್ಯೂ, ವಿ ಬಿಟ್ಟಿದ್ದಾರೆ, ಬೆರಳು ಮಡಚಿ ಎಣಿಸೋರು ಅಲ್ಲೇ ಎಡವೋದು. ಝಡ್‌ಟಿಎಸ್‌ಸಿ ಅಂತ ಶುರುವಾದ್ರೆ ಕೊಲಂಬಿಯಾ ಕಾರ್ಖಾನೆಗೆ ಹೊರಗಿನವರು ಕೊಟ್ಟ ಆರ್ಡರ್.

ಎಡವೋ ಇನ್ನೊಂದು ಜಾಗ: ‘ಬೆಲ್ ಸೌಂಡ್’ ಮುದ್ರೆ ಇದ್ರೆ ನ್ಯೂಯಾರ್ಕ್‌ನಲ್ಲಿ ಮಾಸ್ಟರ್ (ಅಚ್ಚಿಗೆ ಮೂಲವಾಗೋ ತಟ್ಟೆ) ಕತ್ತರಿಸಿದ್ದು, ‘ನ್ಯಾಶ್‌ವಿಲ್ ಮ್ಯಾಟ್ರಿಕ್ಸ್’ ಇದ್ರೆ ನ್ಯಾಶ್‌ವಿಲ್‌ನಲ್ಲಿ ಲೋಹದ ಅಚ್ಚು ಮಾಡಿದ್ದು, ಅಷ್ಟೇ. ಆಕೆ ಅಲ್ಲೇ ಹಾಡಿದ್ಲು ಅಂತಲ್ಲ. ಬೇಕರಿ ಡಬ್ಬದ ಮೇಲಿನ ವಿಳಾಸ ನೋಡಿ ಗೋಧಿ ಬೆಳೆದ ಊರು ಹೇಳಿದ ಹಾಗಾಗುತ್ತೆ.

ಹಾಡು ಹುಟ್ಟಿದ ಊರಿನ ಸುಳಿವು ಬೇಕಿದ್ರೆ ಲೇಬಲ್ ಮೇಲಿರೋ ಹಾಡಿನ ಪ್ರಕಾಶಕರ ಹೆಸರು ನೋಡಿ. ಜೊಬೀಟ್ ಅಂದ್ರೆ ಡೆಟ್ರಾಯಿಟ್‌ನ ಮೋಟೌನ್ ಕಂಪನಿ, ಈಸ್ಟ್ ಅಂದ್ರೆ ಮೆಂಫಿಸ್‌ನ ಸ್ಟ್ಯಾಕ್ಸ್, ಆರ್ಕ್ ಅಂದ್ರೆ ಷಿಕಾಗೋದ ಚೆಸ್, ಫೇಮ್ ಅಂದ್ರೆ ಅಲಬಾಮಾದ ಮಸಲ್ ಷೋಲ್ಸ್, ಮಾರ್‌ಸೇಂಟ್ ಅಂದ್ರೆ ನ್ಯೂ ಆರ್ಲಿಯನ್ಸ್‌ನ ಅಲನ್ ಟೂಸಾಂಟ್ ಬಳಗ. ಇದೂ ಹಾಡಿನ ಊರು, ಹಾಡಿದವಳ ಊರಲ್ಲ. ಬೆಟ್ಟಿ ಹ್ಯಾರಿಸ್ ಫ್ಲಾರಿಡಾದವರು. 1963ರಲ್ಲಿ ನ್ಯೂಯಾರ್ಕ್‌ನ ಜುಬಿಲಿ ಲೇಬಲ್‌ಗೆ (ಪ್ಲೇಟು ಹೊರಡಿಸೋ ಕಂಪನಿಗೂ ಲೇಬಲ್ ಅಂತಾರೆ) ‘ಕ್ರೈ ಟು ಮಿ’ ಹಾಡಿದ್ರು, ಆಮೇಲೆ ಟೂಸಾಂಟ್ ಜೊತೆ ಸಾನ್ಸು ಲೇಬಲ್‌ಗೆ ಸಾಲಾಗಿ ಸಿಂಗಲ್‌ಗಳು. ಸಾನ್ಸು ಪ್ಲೇಟು ನೋಡಿದವರು ಅವರನ್ನ ನ್ಯೂ ಆರ್ಲಿಯನ್ಸ್ ಮಗಳು ಅಂತಾನೇ ಬರೆದುಬಿಡ್ತಾರೆ.

ಬಿ_ಸೈಡ್, ಮಡಗಾಂವ್

ಸೂಜಿಮೊನೆ ಹೇಳಿದ್ದೆಲ್ಲ ಸರಿ, ಆದ್ರೆ ಹೆಸರನ್ನ ಅಷ್ಟು ದೂರ ತಳ್ಳಬೇಡಿ. ಒಂದು ಹೆಸರು ಸಾಲಲ್ಲ ಅನ್ನೋದೇ ತೊಂದರೆ. ಡೋರಿಸ್ ಡ್ಯೂಕ್ ಹುಟ್ಟು ಹೆಸರು ಡೋರಿಸ್ ಕರಿ. 1966ರ ಮೊದಲ ಸಿಂಗಲ್ ಡೋರಿಸ್ ವಿಲ್ಲಿಂಗ್‌ಹ್ಯಾಮ್ ಹೆಸರಲ್ಲಿ, ಹೈ-ಮಾಂಟಿ ಲೇಬಲ್. ಶ್ರೀಮಂತೆಯನ್ನ ತಪ್ಪಿಸೋಕೆ ಗಾಯಕಿಯ ಹೆಸರಿನ ಜೊತೆ ‘ಸ್ವಾಂಪ್ ಡಾಗ್’ ಅಥವಾ ‘ಕ್ಯಾನ್ಯನ್’ ಸೇರಿಸಿ ಹುಡುಕಿ. ಮೊದಲನೇದು ನಿರ್ಮಾಪಕ ಜೆರ್ರಿ ವಿಲಿಯಮ್ಸ್ ಜೂನಿಯರ್ ಇಟ್ಕೊಂಡ ಹೆಸರು, ಎರಡನೇದು ಲೇಬಲ್. ಒಂದೇ ಏಟಿಗೆ ವಜ್ರ, ಬಂಗಲೆ ಮಾಯ.

ಟ್ಯಾಮಿ ಟೆರೆಲ್ ಕಥೆಯೂ ಅದೇ: 1965ರಲ್ಲಿ ಮೋಟೌನ್ ಸೇರೋವರೆಗೆ ಟ್ಯಾಮಿ ಮಾಂಟ್‌ಗೊಮರಿ, ಆ ಹೆಸರಲ್ಲೇ ಚೆಕರ್ ಮುಂತಾದ ಲೇಬಲ್‌ಗಳಲ್ಲಿ ಸಿಂಗಲ್ ಇವೆ. ಸ್ಟ್ಯಾಕ್ಸ್‌ನ ವೆಂಡಿ ರೆನೆ ಅಸಲಿ ಹೆಸರು ಮೇರಿ ಫ್ರಿಯರ್ಸನ್. ಜಸ್ಟೀನ್ ವಾಷಿಂಗ್ಟನ್ ಒಂದು ಪ್ಲೇಟಿನಲ್ಲಿ ಬೇಬಿ, ಇನ್ನೊಂದರಲ್ಲಿ ಜೀನೆಟ್. ಡೋರಿಸ್ ಟ್ರಾಯ್ ಅಂತೂ ‘ಜಸ್ಟ್ ಒನ್ ಲುಕ್’ ಹಾಡಿದ್ದು ಒಂದು ಹೆಸರಲ್ಲಿ, ಬರೆದಿದ್ದಕ್ಕೆ ಹಾಕಿಸಿದ್ದು ಡೋರಿಸ್ ಪೇನ್ ಅಂತ. ಅದಕ್ಕೇ ಲೇಬಲ್‌ನ ರಚನಾಕಾರರ ಹೆಸರನ್ನ ಬಿಎಂಐ ಮತ್ತು ಆಸ್ಕ್ಯಾಪ್ (ಹಾಡು ಬರೆದವರ ಪರವಾಗಿ ಗೌರವಧನ ವಸೂಲಿ ಮಾಡೋ ಸಂಸ್ಥೆಗಳು) ಜಾಲತಾಣಗಳಲ್ಲಿ ಹಾಕಿ. ಎಷ್ಟೋ ಸಲ ಬಿ-ಸೈಡ್ (ಪ್ಲೇಟಿನ ಹಿಂಬದಿಯ ಹಾಡು) ಬರೆದಿದ್ದು ಗಾಯಕಿಯೇ.

ಮದುವೆಯಾದ ಮೇಲಿನ ಹೆಸರು ಸಿಗೋ ಒಂದು ಗುಟ್ಟಿನ ಜಾಗ ಇದೆ. ಅಮೆರಿಕದ ಹಳೇ ಕಾನೂನಿನಂತೆ ಹಾಡಿನ ಕಾಪಿರೈಟ್ 28ನೇ ವರ್ಷ ನವೀಕರಿಸಬೇಕಿತ್ತು. 1992ರ ತಿದ್ದುಪಡಿ ಬಂದ ಮೇಲೆ 1964ರಿಂದಾಚೆಯ ಹಾಡುಗಳಿಗೆ ಅದು ತಾನಾಗಿಯೇ ಆಗುತ್ತೆ. ಅಂದ್ರೆ 1960ರಿಂದ 63ರ ಹಾಡು ನವೀಕರಿಸಿದ್ರೆ ಅರ್ಜಿ ಬಿದ್ದಿರೋದು 1988ರಿಂದ 91ರ ನಡುವೆ. ಕಾಪಿರೈಟ್ ಕಚೇರಿಯ 1978ರ ನಂತರದ ದಾಖಲೆ ಪೂರ್ತಿ ಆನ್‌ಲೈನ್, ಉಚಿತ. ಅರ್ಜಿ ಹಾಕಿದವರು ಲೇಖಕಿಯೇ, ಗಂಡನೇ, ಮಕ್ಕಳೇ ಅಂತ ಅದರಲ್ಲೇ ಇರುತ್ತೆ. 1978ಕ್ಕಿಂತ ಹಿಂದಿನದಕ್ಕೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಕಾಪಿರೈಟ್ ಪಟ್ಟಿಯ ಸಂಪುಟಗಳಿವೆ, ಸಂಗೀತದ್ದು ಐದನೇ ಭಾಗ. ಇಯು ಅಂದ್ರೆ ಅಪ್ರಕಟಿತ, ಇಪಿ ಅಂದ್ರೆ ಪ್ರಕಟಿತ. ಗಾಯಕಿಯ ಹೆಸರು ಹಾಕಿ ಏನೂ ಬರಲಿಲ್ಲ ಅಂತ ಕೈಬಿಡಬೇಡಿ. ಅಲ್ಲಿರೋದು ರಚನೆಯ ನೋಂದಣಿ. 1972ರ ಫೆಬ್ರವರಿ 15ರ ಹಿಂದಿನ ಧ್ವನಿಮುದ್ರಣಕ್ಕೆ ಆಗ ಫೆಡರಲ್ ಕಾಪಿರೈಟೇ ಇರಲಿಲ್ಲ.

ಡೊಂಬಿವಲಿ45

ಟಾರ್ಚ್ ಉಪಾಯ ಫಲಿಸ್ತು. ಒಂದರಲ್ಲಿ ‘ಟಿ4ಕೆಎಂ’, ಮುಂದೆ ನಾಲ್ಕು ಅಂಕಿ. ಹಾಗಾದ್ರೆ 1966ರಲ್ಲಿ ಬಿಡುಗಡೆ ಅಂತ ಬರೀಲಾ?

ಸೂಜಿಮೊನೆ, ಪುಣೆ

‘1966ರಲ್ಲಿ ಮಾಸ್ಟರ್ ಆದದ್ದು’ ಅಂತ ಬರೀರಿ. ವರ್ಷದ ಕೊನೆಯಲ್ಲಿ ಕತ್ತರಿಸಿದ್ದು ಮುಂದಿನ ವರ್ಷ ಅಂಗಡಿಗೆ ಬಂದಿರಬಹುದು. ಎರಡೂ ಬದಿಯ ಅಂಕಿ ನೋಡಿ, ಆದ್ರೆ ಅವು ಪಕ್ಕಪಕ್ಕ ಇದ್ದ ಮಾತ್ರಕ್ಕೆ ಎರಡೂ ಹಾಡು ಒಂದೇ ದಿನ ಹಾಡಿದ್ದು ಅನ್ನಬೇಡಿ. ಅದು ಕಾರ್ಖಾನೆಯ ಸಂಖ್ಯೆ. ಲೇಬಲ್ ಕಂಪನಿ ತನ್ನದೇ ಮ್ಯಾಟ್ರಿಕ್ಸ್ ಸಂಖ್ಯೆಯನ್ನ (ಒಂದೊಂದು ಧ್ವನಿಮುದ್ರಣಕ್ಕೆ ಕೊಡೋದು) ಬೇರೆ ಮುದ್ರಿಸಿದ್ರೆ ಮಾತ್ರ ಆ ಲೆಕ್ಕ ನಡೆಯುತ್ತೆ.

ಹಳೇಪೇಪರ್, ಥಾಣೆ

1964ರ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. 1963ರ ನವೆಂಬರ್ ಕೊನೆಯಿಂದ 1965ರ ಜನವರಿವರೆಗೆ ಬಿಲ್‌ಬೋರ್ಡ್ ಆರ್ ಆ್ಯಂಡ್ ಬಿ ಪಟ್ಟಿಯನ್ನೇ ಅಚ್ಚು ಮಾಡಲಿಲ್ಲ. ಇಲ್ಲದ ಪಟ್ಟಿಯಲ್ಲಿ ಹಾಡು ಎಲ್ಲಿಂದ ಬರಬೇಕು? ಆ ಅವಧಿಗೆ ಅದೇ ತರಹದ ಕ್ಯಾಶ್ ಬಾಕ್ಸ್ ಪತ್ರಿಕೆ ನೋಡಿ, ಅವರು ಪಟ್ಟಿ ನಿಲ್ಲಿಸಿರಲಿಲ್ಲ. ಎರಡರ ಸಂಚಿಕೆಗಳೂ ವರ್ಲ್ಡ್ ರೇಡಿಯೋ ಹಿಸ್ಟರಿ ತಾಣದಲ್ಲಿ ಪುಕ್ಕಟೆ. ಹುಡುಕೋವಾಗ ಗಾಯಕಿ ಹೆಸರಿಗಿಂತ ಲೇಬಲ್ ಹೆಸರು ಮತ್ತು ಪ್ಲೇಟಿನ ಸಂಖ್ಯೆ ಹಾಕಿ. ಸ್ಕ್ಯಾನ್ ಮಾಡಿದ ಸಣ್ಣಕ್ಷರವನ್ನ ಯಂತ್ರ ತಪ್ಪಾಗಿ ಓದಿ ಹೆಸರನ್ನ ಹೇಗೆ ಬೇಕೋ ಹಾಗೆ ಮುರಿದಿರುತ್ತೆ. ಸಿಂಗಲ್ ವಿಮರ್ಶೆಯ ಪುಟ ಸಿಕ್ರೆ ಬಿಡುಗಡೆ ವಾರ ಸುಮಾರಾಗಿ ಸಿಕ್ಕಂಗೆ.

ಕಾರ್ಯಕ್ರಮ, ಪ್ರವಾಸದ ಸುದ್ದಿಗೆ ಜೆಟ್ ಪತ್ರಿಕೆ. ಗೂಗಲ್ ಬುಕ್ಸ್‌ನಲ್ಲಿ ಹಳೇ ಸಂಚಿಕೆಗಳು ಪೂರ್ತಿ ತೆರೆದಿವೆ. ಅದರ ‘ನ್ಯೂಯಾರ್ಕ್ ಬೀಟ್’ ಅಂಕಣದಲ್ಲಿ ಯಾರು ಯಾರನ್ನ ಮದುವೆಯಾದ್ರು ಅನ್ನೋದೂ ಬರ್ತಿತ್ತು. ಬಿ_ಸೈಡ್ ಹೇಳಿದ ಹೆಸರಿನ ಗಂಟು ಬಿಚ್ಚೋದಕ್ಕೆ ಒಳ್ಳೇ ಜಾಗ.

ಡೆಟ್ರಾಯಿಟ್ ಗಾಯಕಿಯಾದ್ರೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಹ್ಯಾಕ್ಲಿ ಸಂಗ್ರಹಕ್ಕೆ, ನ್ಯೂ ಆರ್ಲಿಯನ್ಸ್ ಆದ್ರೆ ಟುಲೇನ್ ವಿಶ್ವವಿದ್ಯಾಲಯದ ಹೋಗನ್ ಆರ್ಕೈವ್‌ಗೆ ಮಿಂಚಂಚೆ ಹಾಕಿ. ‘ಇವರ ಬಗ್ಗೆ ಏನಿದೆ’ ಅಂತ ಕೇಳಬೇಡಿ. ಲೇಬಲ್, ಸಂಖ್ಯೆ, ವರ್ಷ, ಗೊತ್ತಿರೋ ಎಲ್ಲ ಹೆಸರು ಕೊಟ್ಟು ಒಂದೇ ಪ್ರಶ್ನೆ ಕೇಳಿ. ಫೋನ್ ಮಾಡೋದಾದ್ರೆ ಬೇಸಿಗೆಯಲ್ಲಿ ಡೆಟ್ರಾಯಿಟ್‌ನ ಬೆಳಗ್ಗೆ 10 ನಮಗೆ ಸಂಜೆ 7:30, ಚಳಿಗಾಲದಲ್ಲಿ 8:30.

ಕೊನೇದು, ಟಿಪ್ಪಣಿಯಲ್ಲಿ ‘ಹಾಡಿದವರು’ ಅನ್ನೋ ಮುಂಚೆ ಅನುಮಾನ ಇರಲಿ. 1962ರ ‘ಹೀಸ್ ಎ ರೆಬೆಲ್’ ಲೇಬಲ್‌ನಲ್ಲಿ ಕ್ರಿಸ್ಟಲ್ಸ್ ತಂಡದ ಹೆಸರು, ದನಿ ಡಾರ್ಲೀನ್ ಲವ್ ಮತ್ತು ಬ್ಲಾಸಮ್ಸ್‌ದು. ಇಂಗ್ಲೆಂಡ್‌ನ ನಾರ್ದರ್ನ್ ಸೋಲ್ ಡಿಜೆಗಳು (ಕ್ಲಬ್‌ಗಳಲ್ಲಿ ಅಪರೂಪದ ಸೋಲ್ ಪ್ಲೇಟು ಹಾಕಿ ಕುಣಿಸೋರು) ಪೈಪೋಟಿಯವರಿಗೆ ಗೊತ್ತಾಗಬಾರದು ಅಂತ ಲೇಬಲ್ ಮುಚ್ಚಿ ಸುಳ್ಳು ಹೆಸರನ್ನೂ ಹೇಳ್ತಿದ್ರು. ಗಂಡಸರನ್ನೂ ಬಿಡಲಿಲ್ಲ, ಫ್ರಾಂಕ್ ವಿಲ್ಸನ್ ಪ್ಲೇಟು ಎಡ್ಡಿ ಫಾಸ್ಟರ್ ಹೆಸರಲ್ಲಿ ಓಡ್ತಿತ್ತು. ಹಳೇ ಕ್ಲಬ್ ಕ್ಯಾಸೆಟ್ಟಿನ ಪಟ್ಟಿಯಲ್ಲಿ ಮಾತ್ರ ಕಾಣೋ, ಬೇರೆಲ್ಲೂ ಪ್ಲೇಟಿನ ಸಂಖ್ಯೆ ಸಿಗದ ಗಾಯಕಿ ಇದ್ರೆ, ಅರ್ಧ ಪುಟ ಬರೆಯೋ ಮುಂಚೆ ಆಕೆ ಹುಟ್ಟಿದ್ದಾಳಾ ಅಂತ ನೋಡ್ಕೊಳ್ಳಿ.

ಡೊಂಬಿವಲಿ45

1964ರ ಸಿಂಗಲ್ ಕ್ಯಾಶ್ ಬಾಕ್ಸ್‌ನ ವಿಮರ್ಶೆ ಪುಟದಲ್ಲಿದೆ! ಗಾಯಕಿಯ ಹೆಸರಲ್ಲಿ ಒಂದಕ್ಷರ ಕಮ್ಮಿ, ಪ್ಲೇಟಿನ ಸಂಖ್ಯೆ ಮಾತ್ರ ಸರಿಯಾಗಿದೆ.