ಅತ್ತಿಗೆ, ಮದರ್‌ಬೋರ್ಡ್‌ಗೆ ಈಗಲೇ ದುಡ್ಡು ಕೊಡಬೇಡಿ

ಅತ್ತಿಗೆ, ಬೆಳಿಗ್ಗೆಯಿಂದ ಕಾಲೇಜ್ ಲ್ಯಾಬ್‌ನಲ್ಲಿ ಪರೀಕ್ಷೆ ನಡೀತಿತ್ತು, ಫೋನ್ ಕಡೆ ನೋಡೋಕೆ ಆಗಿರಲಿಲ್ಲ. ಈಗ ಗ್ರೂಪ್‌ನಲ್ಲಿ ಬಂದಿದ್ದೆಲ್ಲಾ ಓದಿದೆ. ಇದನ್ನ ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ವಾಯ್ಸ್‌ನಲ್ಲೇ ಹೇಳ್ತೀನಿ. ಉದ್ದ ಆಗುತ್ತೆ. ಪುಟ್ಟನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿ.

ನನಗೆ ಅರ್ಥ ಆಗಿರೋದು ಇಷ್ಟು. ಪುಟ್ಟ ಮನೆ ಕಂಪ್ಯೂಟರ್‌ಗೆ ಹೊಸ ಪ್ರೊಸೆಸರ್, ಹೊಸ ರ್‍ಯಾಮ್, ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್, ಮೂರನ್ನೂ ಒಂದೇ ದಿನ ಹಾಕಿದಾನೆ. ಆಮೇಲೆ ಪರದೆ ಮೇಲೆ ಏನೂ ಬರ್ತಿಲ್ಲ. ಅಂಗಡಿಗೆ ಫೋನ್ ಮಾಡಿದ್ದಕ್ಕೆ ಮದರ್‌ಬೋರ್ಡ್, ಅಂದ್ರೆ ಎಲ್ಲಾ ಭಾಗ ಜೋಡಿಸೋ ಮುಖ್ಯ ಬೋರ್ಡ್, ಹೋಗಿದೆ, 7 ಸಾವಿರ ಆಗುತ್ತೆ ಅಂದ್ರಂತೆ. ಅಣ್ಣ ಹುಡುಗನಿಗೆ ಬೈದೂ ಆಯ್ತು. ನಿಮಗೆ ಸಂಘದ ಲೆಕ್ಕ ಎಲ್ಲಾ ಅದ್ರಲ್ಲೇ ಇದೆ ಅನ್ನೋ ಚಿಂತೆ.

ಮೊದಲು ಆ ಚಿಂತೆ ಬಿಡಿ. ಲೆಕ್ಕ, ಫೋಟೋ ಎಲ್ಲಾ ಇರೋದು ಹಾರ್ಡ್ ಡಿಸ್ಕ್‌ನಲ್ಲಿ. ಪುಟ್ಟ ಅದನ್ನ ಮುಟ್ಟೇ ಇಲ್ಲ. ಬೋರ್ಡ್ ನಿಜವಾಗ್ಲೂ ಹೋಗಿದ್ರೂ, ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಬೀಗ ಹಾಕಿಲ್ಲದಿದ್ರೆ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಗಿಸಿ ಫೈಲ್ ತೆಗೀಬಹುದು. ಒಂದೇ ಒಂದು ಮಾತು ನೆನಪಿರಲಿ: ಯಾರಾದ್ರೂ ಫಾರ್ಮ್ಯಾಟ್ ಮಾಡಿ ನೋಡೋಣ ಅಂದ್ರೆ ಖಡಾಖಂಡಿತವಾಗಿ ಬೇಡ ಅನ್ನಿ. ಈ ತೊಂದರೆಗೂ ಫಾರ್ಮ್ಯಾಟ್‌ಗೂ ಸಂಬಂಧವೇ ಇಲ್ಲ.

ಅಣ್ಣ, ನೀನೂ ಕೇಳಿಸ್ಕೋ. ಹುಡುಗ ಏನನ್ನೂ ಸುಟ್ಟಿಲ್ಲ ಅಂತ ನನಗೆ ಬಲವಾಗಿ ಅನ್ನಿಸ್ತಿದೆ. ಡಿಪ್ಲೊಮಾ ಓದೋ ಹುಡುಗ ತನ್ನ ಕೈಯಾರೆ ಬಿಚ್ಚಿ ಜೋಡಿಸಿದಾನೆ, ಅದು ಒಳ್ಳೇದು. ಇನ್ನು ಬೈಬೇಡ.

ಯಾಕೆ ಹೀಗೆ ಹೇಳ್ತೀನಿ ಅಂದ್ರೆ, ಪುಟ್ಟ, ನೀನು ಹಾಕಿದ ವಿಡಿಯೋನ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಟನ್ ಒತ್ತಿದ ತಕ್ಷಣ ಫ್ಯಾನ್ ತಿರುಗ್ತಿದೆ, ನಿಲ್ತಿಲ್ಲ. ಬೋರ್ಡ್‌ನ ಬಲಗಡೆ ಅಂಚಲ್ಲಿ, ಆ ದಪ್ಪ ಕೇಬಲ್ ಪಕ್ಕ ನಾಲ್ಕು ಸಣ್ಣ ಲೈಟ್ ಸಾಲಾಗಿವೆ ನೋಡು: ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತೆ. ಅದ್ರಲ್ಲಿ ಸಿಪಿಯು, ಅಂದ್ರೆ ಪ್ರೊಸೆಸರ್, ಅನ್ನೋದು ಮಾತ್ರ ಕೆಂಪಗೆ ಉರೀತಾನೇ ಇದೆ. ಬೋರ್ಡ್ ಆನ್ ಆದಾಗ ಒಂದೊಂದನ್ನೇ ಪರೀಕ್ಷೆ ಮಾಡ್ಕೊಂಡು ಹೋಗುತ್ತೆ, ಯಾವುದರ ಹತ್ರ ಸಿಕ್ಕಿಹಾಕಿಕೊಳ್ಳುತ್ತೋ ಆ ಲೈಟ್ ಉರಿದು ನಿಲ್ಲುತ್ತೆ. ಅಂದ್ರೆ ಬೋರ್ಡ್‌ಗೆ ಜೀವ ಇದೆ, ಅದು ಪ್ರೊಸೆಸರ್ ಹತ್ರ ನಿಂತುಬಿಟ್ಟಿದೆ.

ಈಗ ವಿಷಯ ಏನು ಅಂದ್ರೆ, ನಿಮ್ಮದು ಬಿ450 ಬೋರ್ಡ್, 2019ರಲ್ಲಿ ತಗೊಂಡಿದ್ದು. ಅದ್ರಲ್ಲಿ ಇದ್ದದ್ದು ರೈಜನ್ 3 3200ಜಿ ಪ್ರೊಸೆಸರ್. ಈಗ ನೀನು ತಂದಿರೋದು ರೈಜನ್ 5 5600. ಎರಡಕ್ಕೂ ಕೂರೋ ಜಾಗ ಒಂದೇ, ಎಎಂ4 ಸಾಕೆಟ್, 1331 ಪಿನ್, ಸಲೀಸಾಗಿ ಕೂರುತ್ತೆ. ಆದ್ರೆ 5600 ಮಾರ್ಕೆಟ್‌ಗೆ ಬಂದಿದ್ದೇ 2022ರ ಏಪ್ರಿಲ್‌ನಲ್ಲಿ. ಬೋರ್ಡ್ ಒಳಗಿರೋ ಬಯೋಸ್, ಅಂದ್ರೆ ಆನ್ ಆದ ತಕ್ಷಣ ಮೊದಲು ಓಡೋ ಸಾಫ್ಟ್‌ವೇರ್, 2019ರದ್ದು. ಆಮೇಲೆ ಯಾರೂ ಅಪ್‌ಡೇಟ್ ಮಾಡಿಲ್ಲ ಅಂದ್ರೆ ಆ ಬಯೋಸ್‌ಗೆ ಈ ಪ್ರೊಸೆಸರ್‌ನ ಗುರುತೇ ಇಲ್ಲ. ಫ್ಯಾನ್ ತಿರುಗುತ್ತೆ, ಕರೆಂಟ್ ಹೋಗುತ್ತೆ, ಮುಂದಕ್ಕೆ ಒಂದು ಹೆಜ್ಜೆನೂ ಇಡಲ್ಲ. ಅಂಗಡಿಯವರು ಕಣ್ಣಲ್ಲಿ ನೋಡದೆ ಫೋನ್‌ನಲ್ಲೇ ಬೋರ್ಡ್ ಹೋಗಿದೆ ಅಂದ್ರಲ್ಲ, ಅದು ಸರಿಯಲ್ಲ. ಬಯೋಸ್ ಯಾವ ಕಾಲದ್ದು ಅಂತ ಒಂದು ಮಾತು ಕೇಳಬೇಕಿತ್ತು.

ಇನ್ನೊಂದು ಇದೆ. ನಿನ್ನ ಹಳೇ 3200ಜಿ ಒಳಗೇ ಗ್ರಾಫಿಕ್ಸ್ ಇತ್ತು, ಅದಕ್ಕೇ ಎಚ್‌ಡಿಎಂಐ ಕೇಬಲ್ ಬೋರ್ಡ್‌ಗೇ ಹಾಕಿ ಇಷ್ಟು ವರ್ಷ ನಡೀತು. 5600 ಒಳಗೆ ಗ್ರಾಫಿಕ್ಸ್ ಇಲ್ಲ. ವಿಡಿಯೋ ಕೊನೇಲಿ ಹಿಂಭಾಗ ತೋರಿಸಿದೀಯಲ್ಲ, ಅಲ್ಲಿ ಕೇಬಲ್ ಇನ್ನೂ ಮೇಲಿನ ಬೋರ್ಡ್ ಪೋರ್ಟ್‌ನಲ್ಲೇ ಇದೆ. ಅದು ಕೆಳಗೆ ಅಡ್ಡಡ್ಡ ಇರೋ ಗ್ರಾಫಿಕ್ಸ್ ಕಾರ್ಡ್‌ನ ಪೋರ್ಟ್‌ಗೆ ಹೋಗಬೇಕು. ಬಯೋಸ್ ಸರಿ ಇದ್ದಿದ್ರೂ ಕೂಡ ಹೀಗೆ ಹಾಕಿದ್ರೆ ಪರದೆ ಕಪ್ಪಗೇ ಇರ್ತಿತ್ತು.

ನಡುವೆ ಮೈಸೂರಿನ ಭಾವ ಕೇಳಿದಾರೆ, ಅವರದ್ದೂ ರ್‍ಯಾಮ್ ಹಾಕಿದ ಮೇಲೆ ಆನ್ ಆಗ್ತಿಲ್ಲ, ಬಟನ್ ಒತ್ತಿದ್ರೆ ಸದ್ದೇ ಇಲ್ಲ ಅಂತ. ಭಾವ, ನಿಮ್ಮದು ಬೇರೆ ಕಥೆ. ಫ್ಯಾನೂ ತಿರುಗಲ್ಲ, ಲೈಟೂ ಇಲ್ಲ ಅಂದ್ರೆ ಕರೆಂಟ್ ದಾರಿನೇ ನೋಡಬೇಕು. ಯುಪಿಎಸ್ ಬಿಟ್ಟು ನೇರ ಗೋಡೆ ಪ್ಲಗ್‌ಗೆ ಹಾಕಿ ನೋಡಿ. ಪವರ್ ಸಪ್ಲೈ ಹಿಂದೆ ಸಣ್ಣ ಸ್ವಿಚ್ ಇದೆ, ಒಳಗೆ ಕೈ ಹಾಕೋ ಮುಂಚೆ ಆಫ್ ಮಾಡಿ ಮರೆತಿರ್ತೀರಿ. ರ್‍ಯಾಮ್ ಒತ್ತುವಾಗ ಪಕ್ಕದ 24 ಪಿನ್‌ನ ದೊಡ್ಡ ಕೇಬಲ್ ಸಡಿಲ ಆಗಿರಬಹುದು, ಇಲ್ಲಾ ಮುಂದಿನ ಪವರ್ ಬಟನ್‌ನಿಂದ ಬರೋ ಎರಡು ತೆಳ್ಳಗಿನ ವೈರ್ ಕಿತ್ತು ಬಂದಿರಬಹುದು. ಮೊದಲು ಪ್ಲಗ್ ತೆಗೆದು ಬಟನ್‌ನ ಅರ್ಧ ನಿಮಿಷ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತೆ. ಆಮೇಲೆ ಇವಿಷ್ಟನ್ನೂ ಗಟ್ಟಿಯಾಗಿ ಒತ್ತಿ ಕೂರಿಸಿ ನೋಡಿ. ಪವರ್ ಸಪ್ಲೈ ಡಬ್ಬ ಮಾತ್ರ ಬಿಚ್ಚಬೇಡಿ ಭಾವ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯೋಷ್ಟು ಕರೆಂಟ್ ಉಳಿದಿರುತ್ತೆ.

ಸರಿ ಪುಟ್ಟ, ಈಗ ನಿನ್ನ ಕೆಲಸ. ಎಲ್ಲಕ್ಕಿಂತ ಮೊದಲು ಎಲ್ಲವನ್ನೂ ಹಳೇ ಸ್ಥಿತಿಗೆ ತರಬೇಕು. ಹಳೇ ಪ್ರೊಸೆಸರ್, ಹಳೇ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಹೊರಗೆ, ಎಚ್‌ಡಿಎಂಐ ಬೋರ್ಡ್‌ಗೆ. ಹಾಗೆ ಮಾಡಿದಾಗ ಪರದೆ ಬಂತು ಅಂದ್ರೆ 7 ಸಾವಿರ ಉಳೀತು ಅಂತ ಲೆಕ್ಕ. ಬರಲಿಲ್ಲ ಅಂದ್ರೆ ಪ್ಲಗ್ ತೆಗೆದು ಬೋರ್ಡ್ ಮೇಲಿರೋ ರೌಂಡ್ ಬ್ಯಾಟರಿ, ಸಿಆರ್2032, ಅದನ್ನ ಬಿಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕು. ಹಳೇ ಸೆಟ್ಟಿಂಗ್ ಅಳಿಸಿ ಹೋಗುತ್ತೆ.

ಪ್ರೊಸೆಸರ್ ಬಿಚ್ಚುವಾಗಲೇ ನನಗೆ ಭಯ ಇರೋದು, ಅದಕ್ಕೆ ಇಲ್ಲಿ ನಿಧಾನವಾಗಿ ಕೇಳಿಸ್ಕೋ. ಕ್ಯಾಬಿನೆಟ್‌ನ ಮೇಜಿನ ಮೇಲೆ ಮಲಗಿಸು. ಹಾಸಿಗೆ ಮೇಲೆ ಬೇಡ, ಸ್ವೆಟರ್ ಹಾಕ್ಕೊಂಡು ಬೇಡ. ಆಗಾಗ ಕ್ಯಾಬಿನೆಟ್‌ನ ಬರೀ ಲೋಹದ ಜಾಗ ಮುಟ್ಟು, ಮೈಮೇಲಿನ ಸ್ಥಾಯೀ ವಿದ್ಯುತ್ ಇಳಿಯುತ್ತೆ. ಪ್ರೊಸೆಸರ್ ಮೇಲಿರೋ ಫ್ಯಾನ್ ಇದೆಯಲ್ಲ, ಕೂಲರ್, ಅದರ ನಾಲ್ಕು ಸ್ಕ್ರೂನ ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲ ಮಾಡು. ಸ್ಕ್ರೂ ಪೂರ್ತಿ ಬಿಟ್ಟ ಮೇಲೆ ಬೋರ್ಡ್ ಹಿಂದಿನ ಲೋಹದ ಪ್ಲೇಟ್ ಜಾರಿ ಬೀಳುತ್ತೆ, ಆ ಕಡೆಯಿಂದ ಒಂದು ಕೈ ಕೊಟ್ಟು ಹಿಡ್ಕೋ. ಇಲ್ಲಿ ಅಮ್ಮನ ಸಹಾಯ ತಗೋ. ಈಗ ಕೂಲರ್‌ನ ಯಾವ ಕಾರಣಕ್ಕೂ ನೆಟ್ಟಗೆ ಮೇಲಕ್ಕೆ ಎಳೀಬೇಡ. ನಡುವೆ ಬಿಸಿ ದಾಟಿಸೋ ಪೇಸ್ಟ್ ಅಂಟಿಕೊಂಡಿರುತ್ತೆ. ಎಳೆದ್ರೆ ಲಾಕ್ ಹಾಕಿರೋ ಸಾಕೆಟ್‌ನಿಂದ ಪ್ರೊಸೆಸರೇ ಕಿತ್ತು ಬಂದು ಪಿನ್ ಸೊಟ್ಟ ಆಗುತ್ತೆ. ಎಎಂ4ನಲ್ಲಿ ಪಿನ್ ಇರೋದು ಪ್ರೊಸೆಸರ್ ಕೆಳಗೇ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚು, ಹಿಡಿತ ಬಿಟ್ಟಿದ್ದು ಕೈಗೆ ಗೊತ್ತಾಗುತ್ತೆ, ಆಮೇಲೆ ಎತ್ತು. ಪಕ್ಕದ ಲಿವರ್ ಮೇಲಕ್ಕೆತ್ತಿ ಪ್ರೊಸೆಸರ್ ತೆಗಿ. ಹಾಕುವಾಗ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ ಮೇಲಿನ ತ್ರಿಕೋನಕ್ಕೆ ಹೊಂದಬೇಕು. ತನ್ನ ಭಾರಕ್ಕೆ ತಾನೇ ಕೂರಬೇಕು, ಬೆರಳಲ್ಲಿ ಒತ್ತಬಾರದು. ಕೂರಲಿಲ್ಲ ಅಂದ್ರೆ ನಿಲ್ಲಿಸಿ ಪಿನ್‌ಗಳ ಫೋಟೋ ತೆಗೆದು ನನಗೆ ಕಳಿಸು. ಹಳೇ ಪೇಸ್ಟ್‌ನ ಸ್ಪಿರಿಟ್ ಹಾಕಿದ ಟಿಶ್ಯೂನಲ್ಲಿ ಒರೆಸಿ, ಹೊಸದನ್ನ ಬಟಾಣಿ ಕಾಳಿನಷ್ಟು ನಡುವೆ ಇಟ್ಟು ಕೂಲರ್ ಕೂರಿಸು. ಫ್ಯಾನ್ ವೈರ್‌ನ ಸಿಪಿಯು ಫ್ಯಾನ್ ಅಂತ ಬರೆದಿರೋ ಪಿನ್‌ಗೆ ಹಾಕೋದು ಮರೀಬೇಡ.

ಪರದೆ ಬಂದ ಮೇಲೆ ವಿಂಡೋಸ್‌ಗೆ ಹೋಗಿ ಎರಡು ಕೆಲಸ ಮಾಡು. ಸಂಘದ ಲೆಕ್ಕದ ಫೋಲ್ಡರ್‌ನ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅಮ್ಮನ ಕೈಗೆ ಕೊಡು. ಆಮೇಲೆ ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಇಲ್ಲವೇ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡು. ಇದ್ರೆ ಅದರ ರಿಕವರಿ ಕೀ ಪೇಪರ್ ಮೇಲೆ ಬರೆದಿಟ್ಕೋ. ಯಾಕೆ ಅಂದ್ರೆ ಪ್ರೊಸೆಸರ್ ಬದಲಾಯಿಸಿದಾಗ ಈ ಬೋರ್ಡ್‌ಗಳು ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲಾ ಅಂತ ಕೇಳೋದುಂಟು. ಆ ಬೀಗದ ಗುಟ್ಟು ಇಟ್ಕೊಳ್ಳೋ ಭಾಗ ಅದು. ಕೀಬೋರ್ಡ್‌ನಲ್ಲಿ ವೈ (Y) ಒತ್ತಿದ್ರೆ ಡಿಸ್ಕ್ ತೆರೆಯೋ ಗುಟ್ಟು ಅಳಿಸಿ ಹೋಗುತ್ತೆ. ಆಗ ಆ ರಿಕವರಿ ಕೀ ಇಲ್ಲದೇ ಇದ್ರೆ ಡಿಸ್ಕ್ ತೆರೆಯಕ್ಕಾಗಲ್ಲ. ಅತ್ತಿಗೆ, ನಿಮ್ಮ ಲೆಕ್ಕಕ್ಕೆ ನಿಜವಾದ ಅಪಾಯ ಇರೋದು ಇದೊಂದೇ ಜಾಗದಲ್ಲಿ. ಅದಕ್ಕೇ ಪೆನ್‌ಡ್ರೈವ್ ನಿಮ್ಮ ಕೈಗೆ ಬರೋವರೆಗೂ ಅವನನ್ನ ಮುಂದಕ್ಕೆ ಹೋಗೋಕೆ ಬಿಡಬೇಡಿ.

ಆಮೇಲೆ ಬಯೋಸ್. ಬೋರ್ಡ್ ಮೇಲೆ ದೊಡ್ಡಕ್ಷರದಲ್ಲಿ ಮಾಡೆಲ್ ಹೆಸರು ಬರೆದಿರುತ್ತೆ, ಅದೇ ಹೆಸರು, ಒಂದಕ್ಷರ ಆಚೀಚೆ ಇಲ್ಲದ ಹಾಗೆ, ತಯಾರಕರ ವೆಬ್‌ಸೈಟ್‌ನಲ್ಲಿ ಹುಡುಕು. ಸಿಪಿಯು ಪಟ್ಟಿಯಲ್ಲಿ 5600 ಎದುರು ಯಾವ ಬಯೋಸ್ ಬೇಕು ಅಂತ ಕೊಟ್ಟಿರ್ತಾರೆ. ಕೆಲವಕ್ಕೆ ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕಾಗುತ್ತೆ, ಕೆಳಗಿನ ವಿವರಣೆ ಪೂರ್ತಿ ಓದು. ಎಫ್‌ಎಟಿ32 ಅನ್ನೋ ವಿಧಕ್ಕೆ ಫಾರ್ಮ್ಯಾಟ್ ಮಾಡಿದ ಬೇರೊಂದು ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿಂದಲೇ ಅಪ್‌ಡೇಟ್ ಮಾಡು. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೇ ಅಪ್‌ಡೇಟ್ ಮಾಡೋ ಬಟನ್ ಹಿಂದೆ ಇರುತ್ತೆ, ನಿನ್ನದ್ರಲ್ಲಿ ಕಾಣಲಿಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದ್ರೆ ಬೋರ್ಡ್ ನಿಜವಾಗ್ಲೂ ಕೈಕೊಡುತ್ತೆ. ನಿಮ್ಮ ಕಡೆ ಸಂಜೆ ಮಳೆ ಬಂದ್ರೆ ಲೈನ್ ಹೋಗೋದು ಗೊತ್ತೇ ಇದೆ. ಬೆಳಿಗ್ಗೆ ಹೊತ್ತು, ಯುಪಿಎಸ್ ಪೂರ್ತಿ ಚಾರ್ಜ್ ಇದ್ದಾಗ ಮಾಡು.

ಅದು ಮುಗಿದ ಮೇಲೆ 5600 ಮತ್ತು ಗ್ರಾಫಿಕ್ಸ್ ಕಾರ್ಡ್ ಒಟ್ಟಿಗೆ, ಯಾಕಂದ್ರೆ ಕಾರ್ಡ್ ಇಲ್ಲದೆ ಇದ್ರಲ್ಲಿ ಪರದೆ ಬರಲ್ಲ. ರ್‍ಯಾಮ್ ಹಳೇದೇ ಇರಲಿ. ಕಾರ್ಡ್‌ಗೆ ಬೇರೆ 8 ಪಿನ್ ಕೇಬಲ್ ಬೇಕು, 6+2 ಅಂತ ಎರಡು ತುಂಡಾಗಿರೋದು. ಪ್ರೊಸೆಸರ್‌ಗೆ ಹೋಗೋದು 4+4. ನೋಡೋಕೆ ಒಂದೇ ಥರ, ಒಳಗೆ ವೈರ್ ಉಲ್ಟಾ. ಸಲೀಸಾಗಿ ಹೋಗಲಿಲ್ಲ ಅಂದ್ರೆ ಬಲವಂತ ಮಾಡಬೇಡ, ಅದು ತಪ್ಪು ಕೇಬಲ್. ಇದೆಲ್ಲಾ ಸರಿ ಹೋದ ಮೇಲೆ ಹೊಸ ರ್‍ಯಾಮ್, ಪ್ರೊಸೆಸರ್ ಕಡೆಯಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟ್‌ಗೆ, ಟಕ್ ಅನ್ನೋವರೆಗೂ. ಹಳೇದನ್ನೂ ಹೊಸದನ್ನೂ ಬೆರೆಸಬೇಡ.

ಅತ್ತಿಗೆ, ಅಂಗಡಿಯವರು ಫೋನ್ ಮಾಡಿದ್ರೆ ಭಾನುವಾರದ ತನಕ ತಡೀರಿ ಅನ್ನಿ. ಪುಟ್ಟ, ಇವತ್ತು ಏನೂ ಬಿಚ್ಚಬೇಡ. ಬೋರ್ಡ್ ಮೇಲಿನ ಹೆಸರಿದೆಯಲ್ಲ, ಅದರ ಫೋಟೋ ಒಂದು ಸ್ಪಷ್ಟವಾಗಿ ತೆಗೆದು ಕಳಿಸು, ಸರಿಯಾದ ಬಯೋಸ್ ಫೈಲ್ ಯಾವುದು ಅಂತ ರಾತ್ರಿ ನಾನೇ ನೋಡಿ ಇಡ್ತೀನಿ. ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡು, ಕೂಲರ್ ಬಿಚ್ಚುವಾಗ ನಾನು ಲೈನ್‌ನಲ್ಲಿ ಇರ್ತೀನಿ.