ಸಾಫ್ಟ್‌ನರ್ ನೀರು ಸಮುದ್ರ ಅಕ್ವೇರಿಯಂಗೆ ಆದೀತೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು ಸಾಫ್ಟ್‌ನರ್ ಮೂಲಕವೇ ನಲ್ಲಿಗೆ ಬರುತ್ತದೆ. ಹವಳಗಳಿರುವ ತೊಟ್ಟಿಗೆ ಸಮುದ್ರದ ಉಪ್ಪನ್ನು ಇದೇ ನೀರಿನಲ್ಲಿ ಕರಗಿಸಬಹುದೇ? ಹೇಗೂ ಉಪ್ಪುನೀರಾದ್ದರಿಂದ ಸೋಡಿಯಂ ಹೆಚ್ಚಿದರೆ ತೊಂದರೆಯೇನು ಎಂಬುದು ನನ್ನ ಸಂದೇಹ.

ಉತ್ತರ 1: ಸೋಡಿಯಂ ಮಟ್ಟಿಗೆ ನಿಮ್ಮ ಊಹೆ ಸರಿ. ಲೀಟರಿಗೆ ಸುಮಾರು 10,800 ಮಿಲಿಗ್ರಾಂ ಸೋಡಿಯಂ ಇರುವ ಸಮುದ್ರದ ನೀರಿನ ಮುಂದೆ ಸಾಫ್ಟ್‌ನರ್ ಸೇರಿಸುವ ಪ್ರಮಾಣ ಲೆಕ್ಕಕ್ಕಿಲ್ಲ. ಆದರೆ ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆಯೇ ಹೊರತು ನೀರನ್ನು ಶುದ್ಧಗೊಳಿಸುವುದಿಲ್ಲ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳು ಬಹುಪಾಲು ಹಾಗೆಯೇ ಉಳಿದು ಪಾಚಿಗೆ ಆಹಾರವಾಗುತ್ತವೆ. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಪದಾರ್ಥಗಳ ಪ್ರಮಾಣ) ಅಳೆಯುವ ಮೀಟರ್ ಅದ್ದಿ ನೋಡಿ, ಸಾಫ್ಟ್‌ನರಿಗೆ ಮುಂಚೆಯೂ ನಂತರವೂ ಅಂಕಿ ಹೆಚ್ಚುಕಡಿಮೆ ಒಂದೇ.

ಉತ್ತರ 2: ಆವಿಯಾದಷ್ಟು ನೀರನ್ನು ದಿನವೂ ತುಂಬಲು ಇದನ್ನು ಖಂಡಿತ ಬಳಸಬೇಡಿ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದುದೆಲ್ಲ ತೊಟ್ಟಿಯಲ್ಲೇ ಶೇಖರವಾಗುತ್ತ ಹೋಗುತ್ತದೆ.

ಉತ್ತರ 3: ಸಾಫ್ಟ್‌ನರ್ ನೀರನ್ನು ಆರ್‌ಒ ಘಟಕಕ್ಕೆ ಕೊಡುವುದು ಮಾತ್ರ ಒಳ್ಳೆಯದೇ, ಏಕೆಂದರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುವುದು ತಗ್ಗುತ್ತದೆ. ಅಲ್ಲಿಂದ, ಉಳಿದ ಲವಣಾಂಶಗಳನ್ನೂ ಹಿಡಿದುಕೊಳ್ಳುವ ಡಿಐ (ಡಿಅಯಾನೀಕರಣ) ರೆಸಿನ್ ದಾಟಿ ಟಿಡಿಎಸ್ ಸೊನ್ನೆಗೆ ಇಳಿದ ನೀರಿಗೇ ಉಪ್ಪು ಬೆರೆಸಿ. ಅಡುಗೆಮನೆಯ ಆರ್‌ಒ ಯಂತ್ರ ಬಳಸುವುದಾದರೆ, ರುಚಿಗಾಗಿ ಖನಿಜಗಳನ್ನು ಮರಳಿ ಬೆರೆಸುವ ಕಾರ್ಟ್ರಿಜ್ ಅದರಲ್ಲಿದೆಯೇ ಎಂದು ಮೊದಲು ಪರೀಕ್ಷಿಸಿ.